ಎಮ್ಮೆಗೆ ಸಿಗುವ ನ್ಯಾಯ

ಐನಾಪುರದಂಥ ಕೃಷ್ಣೆಯ ದಂಡೆಯ ಊರಿನಲ್ಲಿ ಎಮ್ಮೆ ಗಬ್ಬ ನಿಲ್ಲದಿದ್ದರೆ ರೈತ ಅದನ್ನು ಶಪಿಸುತ್ತ ಕೂರುವುದಿಲ್ಲ. ಬೆದೆ ಯಾವಾಗ ಬಂತು, ಲೋಳೆ ತಿಳಿಯಾಗಿತ್ತೇ, ಕೃತಕ ಗರ್ಭಧಾರಣೆಗೆ ತಡವಾಯಿತೇ, ಬರೀ ಕಬ್ಬಿನ ಸೋಗೆ ತಿಂದು ಮೈಯಲ್ಲಿ ಖನಿಜ ಕಡಿಮೆಯಾಯಿತೇ ಎಂದು ಪಶುವೈದ್ಯರನ್ನು ಕೇಳುತ್ತಾನೆ. 21 ದಿನ ಕಾದು ಮತ್ತೆ ನೋಡುತ್ತಾನೆ. ಅದೇ ಮನೆಯ ಸೊಸೆಗೆ ಮೂರು ವರ್ಷವಾದರೂ ಮಕ್ಕಳಾಗದಿದ್ದರೆ ಏಳುವುದು ಒಂದೇ ಪ್ರಶ್ನೆ: "ಈಕಿಗೆ ಯಾಕ ಆಗವಲ್ದು?" ಕಾರಣ ಹುಡುಕುವ ಮೊದಲೇ ಆ ಪ್ರಶ್ನೆ ತೀರ್ಪು ಕೊಟ್ಟಿರುತ್ತದೆ.

ದೇಹ ಹಾಗೆ ತೀರ್ಪು ಕೊಡುವುದಿಲ್ಲ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಬಿಟ್ಟುಬಿಟ್ಟು ಒಂದು ಹಾರ್ಮೋನನ್ನು ಸುರಿಸುತ್ತದೆ. ಲಕ್ಷಾಂತರ ಹಂದಿ, ಕುರಿಗಳ ಮಿದುಳಿನ ಚೂರುಗಳನ್ನು ಸೋಸಿ ಅದರ ರಚನೆಯನ್ನು 1971ರ ಹೊತ್ತಿಗೆ ಬಿಡಿಸಿದ ಆಂಡ್ರ್ಯೂ ಶಾಲಿ, ರೋಜೆ ಗಿಯೆಮೆಂ ಅವರಿಗೆ 1977ರಲ್ಲಿ ನೊಬೆಲ್ ಬಂತು. ಆ ಹಾರ್ಮೋನಿನ ಆಜ್ಞೆಯಂತೆ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್, ಎಲ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಹೆಣ್ಣಿನಲ್ಲಿ ಅವು ಅಂಡವನ್ನು ಬಲಿಯಿಸಿ ಹೊರಬಿಡುತ್ತವೆ. ಗಂಡಿನಲ್ಲಿ ಟೆಸ್ಟೊಸ್ಟಿರೋನ್ ಮತ್ತು ವೀರ್ಯಾಣುಗಳ ತಯಾರಿಯನ್ನು ನಡೆಸುತ್ತವೆ. ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ ಎಂಬುದು ಅಲ್ಲಿಲ್ಲ. ಹೆಣ್ಣಿನದೆಂದು ನಾವು ಎಣಿಸಿದ ಈಸ್ಟ್ರೊಜೆನ್ ಗಂಡುಕುದುರೆಯ ಮೂತ್ರದಲ್ಲಿ ಹೇರಳವಾಗಿರುವುದನ್ನು ವಿಜ್ಞಾನಿ ಬರ್ನ್‌ಹಾರ್ಡ್ ಜೋಂಡೆಕ್ 1934ರಲ್ಲೇ ತೋರಿಸಿದ್ದರು.

ಹೀಗಿರುವಾಗ ತಪಾಸಣೆ ಒಬ್ಬಳಿಗೇ ಏಕೆ? ವೀರ್ಯ ಘನೀಕರಣ ಕೇಂದ್ರಗಳಲ್ಲಿ ಹೋರಿಯ ವೀರ್ಯವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಚಲನೆ ಸಾಲದಿದ್ದರೆ ಬದಿಗಿಡುತ್ತಾರೆ. ಮನುಷ್ಯನಿಗೂ ಇದು ಸರಳ, ನೋವಿಲ್ಲದ ಪರೀಕ್ಷೆ. ಆದರೂ ಹೆಂಡತಿ ಸ್ಕ್ಯಾನಿಂಗ್, ತಾಯತ, ಹರಕೆ ಎಲ್ಲ ಮುಗಿಸಿದ ಮೇಲೂ ಎಷ್ಟೋ ಗಂಡಂದಿರು ಆ ಒಂದು ಪರೀಕ್ಷೆಗೆ ಹೋಗುವುದಿಲ್ಲ. ಜೀವನದ ಯಾವುದೋ ಹಂತದಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಬಂಜೆತನ ಎದುರಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಆ ಆರರಲ್ಲಿ ಗಂಡಸರೂ ಇದ್ದಾರೆ.

ಗರಡಿಮನೆಗಳಿರುವ ಐನಾಪುರದ ಸೀಮೆಯ ತರುಣರು ಇನ್ನೊಂದು ಮಾತು ತಿಳಿಯಬೇಕು. ಮೈ ಬೆಳೆಸಲು ಟೆಸ್ಟೊಸ್ಟಿರೋನ್ ಚುಚ್ಚಿಕೊಂಡರೆ, ರಕ್ತದಲ್ಲಿ ಅದು ಸಾಕಷ್ಟಿದೆ ಎಂದು ಮಿದುಳು ತಿಳಿಯುತ್ತದೆ. ಪಿಟ್ಯುಟರಿ ಸುಮ್ಮನಾಗುತ್ತದೆ, ವೀರ್ಯಾಣುಗಳ ತಯಾರಿ ಕುಗ್ಗುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ತೋಳು ದಪ್ಪಗಾದವನ ಮನೆಯಲ್ಲಿ ಬೈಗುಳ ಮಾತ್ರ ಹೆಂಡತಿಯ ಪಾಲಿಗೆ ಬರುತ್ತದೆ.

ಆರೋಪವನ್ನು ಹೆಂಡತಿಯಿಂದ ಇಳಿಸಿ ಗಂಡನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಥೈರಾಯ್ಡ್ ಏರುಪೇರಾಗುವುದು, ಅಂಡ ಬಿಡುಗಡೆಯಾಗದಿರುವುದು, ವೀರ್ಯಾಣು ಕಡಿಮೆಯಾಗುವುದು ಇವೆಲ್ಲ ದೇಹದ ಸ್ಥಿತಿಗಳು. ಹಲವಕ್ಕೆ ಚಿಕಿತ್ಸೆಯಿದೆ, ಕೆಲವಕ್ಕೆ ಇಲ್ಲ. ಯಾವುದೂ ಪಾಪವಲ್ಲ, ಶಾಪವಲ್ಲ. ಮಕ್ಕಳಿಲ್ಲದ ಬದುಕು ಅರೆಬದುಕೂ ಅಲ್ಲ.

ಪರೀಕ್ಷೆಗೆ ಗಂಡಹೆಂಡತಿ ಮೊದಲ ದಿನವೇ ಜೊತೆಯಾಗಿ ಹೋಗಲಿ. ಕುಬಸದ ಮನೆಯಲ್ಲಿ ಮಕ್ಕಳಿಲ್ಲದವಳನ್ನು ಹಿಂದೆ ಸರಿಸುವ ಪದ್ಧತಿಯನ್ನು ಹಿರಿಯ ಹೆಂಗಸರೇ ಮುರಿಯಲಿ. ಆಕೆಯ ಕೈಯಿಂದಲೇ ಮೊದಲ ಉಡಿ ತುಂಬಿಸಲಿ. ಮಗು ಆಗುವುದು ಬಿಡುವುದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ, ಮನೆಯ ಹೆಣ್ಣುಮಗಳನ್ನು ಮರ್ಯಾದೆಯಿಂದ ಕಾಣುವುದು ಪೂರ್ತಿ ನಮ್ಮ ಕೈಯಲ್ಲೇ ಇದೆ.