ಓದದವರ ಆರು ಪೈಸೆ

ಗ್ರಾಮ ಪಂಚಾಯಿತಿಗೆ ಮನೆ ಕಂದಾಯ ಕಟ್ಟಿದಾಗ ಕೊಡುವ ರಸೀದಿಯನ್ನು ನಮ್ಮಲ್ಲಿ ಹೆಚ್ಚಿನವರು ಪೂರ್ತಿ ಓದುವುದಿಲ್ಲ. ಒಟ್ಟು ಮೊತ್ತ ನೋಡಿ ಮಡಚಿ ಇಡುತ್ತೇವೆ. ಓದಿದರೆ ಕಂದಾಯದ ಜೊತೆಗೆ ಇನ್ನೂ ನಾಲ್ಕು ಬಾಬತ್ತು ಕಾಣುತ್ತವೆ: ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ಗ್ರಂಥಾಲಯದ ಪಾಲು ರೂಪಾಯಿಗೆ 6 ಪೈಸೆ. ಕಂದಾಯ 500 ರೂಪಾಯಿ ಇದ್ದರೆ 30 ರೂಪಾಯಿ ಗ್ರಂಥಾಲಯಕ್ಕೆ. ಮನೆಯಲ್ಲಿ ಓದುವವರು ಇದ್ದಾರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಓದು ಬಾರದವರಿಂದ ಗ್ರಂಥಾಲಯಕ್ಕೆ ಹಣ ಪಡೆಯುವುದು ನ್ಯಾಯವೇ?

ಪ್ರಶ್ನೆಗೊಂದು ಮುಖವಿರಲಿ ಎಂದು, ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಲ್ಲಿ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳುತ್ತೇನೆ. ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಬದುಕುವವರು. ಅಕ್ಷರ ಕಲಿತಿಲ್ಲ. ಮನೆ ಮಾತ್ರ ಅವರ ಹೆಸರಿನಲ್ಲಿದೆ, ಕಂದಾಯವೂ ಅವರದೇ. ಆ 30 ರೂಪಾಯಿಗೆ ಬದಲಾಗಿ ಅವರಿಗೆ ಏನು ಸಿಕ್ಕಿತು?

‘ಮೊಮ್ಮಕ್ಕಳು ಓದುತ್ತಾರಲ್ಲ’ ಎಂಬುದು ಥಟ್ಟನೆ ಹೊಳೆಯುವ ಉತ್ತರ. ನನಗದು ಸಾಲದು. ಮೊಮ್ಮಕ್ಕಳೇ ಇಲ್ಲದ ಅಜ್ಜಿಗೆ ಏನು ಹೇಳುವುದು? ಕೊಟ್ಟದ್ದಕ್ಕೆ ಪ್ರತಿಫಲ ತೋರಿಸಿಯೇ ತೀರಬೇಕೆಂದರೆ ಗ್ರಂಥಾಲಯ ಅಂಗಡಿಯಾಗುತ್ತದೆ.

ಇನ್ನೊಂದು ಉತ್ತರಕ್ಕೆ ನಮ್ಮ ಊರುಗಳಲ್ಲೇ ಮಾದರಿಯಿದೆ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವವರು ದಾರಿಹೋಕರ ಕುಲ, ಊರು ಕೇಳದೆ ನೀರು, ಮಜ್ಜಿಗೆ ಕೊಡುತ್ತಾರೆ. ಪುಸ್ತಕವನ್ನೂ ಹೀಗೆ ಕೊಟ್ಟವರಿದ್ದಾರೆ. ಮೈಸೂರಿನ ರಾಜೀವನಗರದ ಸೈಯದ್ ಇಸಾಕ್ ಅವರಿಗೆ ಶಾಲೆಯ ಓದು ದಕ್ಕಲಿಲ್ಲ. ಕೂಲಿ ಮಾಡಿದ ದುಡಿಮೆಯಲ್ಲೇ ಅವರು ಊರವರಿಗಾಗಿ ಉಚಿತ ಗ್ರಂಥಾಲಯ ನಡೆಸಿದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾಯಿತು, ಸಾವಿರಾರು ಪುಸ್ತಕಗಳು ಬೂದಿಯಾದವು. ಸುದ್ದಿ ಹರಡಿದ ಮೇಲೆ ಎಲ್ಲೆಲ್ಲಿಂದಲೋ ಜನ ಪುಸ್ತಕ, ಹಣ ಕೊಡಲು ಮುಂದೆ ಬಂದರು. ತನಗೆ ಸಿಗದದ್ದು ಇನ್ನೊಬ್ಬರಿಗೆ ಸಿಗಲಿ ಎಂಬ ಮನಸ್ಸಿಗೆ ಓದು ಬಂದಿರಲೇಬೇಕಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ.

ಆದರೆ ಇಸಾಕ್ ಮನಸಾರೆ ಕೊಟ್ಟರು. ಅಜ್ಜಿಯಿಂದ ಕಾಯ್ದೆ ಪಡೆಯುತ್ತದೆ. ದಾನದ ಪುಣ್ಯವನ್ನು ಕರಕ್ಕೆ ಅಂಟಿಸಿ ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಕರಕ್ಕೆ ಅದರದೇ ಆದ ಒಂದು ಗುಣವಿದೆ. ದಾನ ಪಡೆದವರು ದಾನಿಯ ಎದುರು ಸ್ವಲ್ಪವಾದರೂ ತಗ್ಗಬೇಕಾಗುತ್ತದೆ. ಧಣಿಯ ಮನೆಯ ಕಪಾಟಿನಿಂದ ಪುಸ್ತಕ ತರುವ ಹುಡುಗಿ ಜಗಲಿಯಲ್ಲೇ ನಿಲ್ಲಬೇಕಾಗಬಹುದು. ಕೆಲವು ಮನೆಗಳಲ್ಲಿ ಜಗಲಿಗೂ ಪ್ರವೇಶ ಇರಲಿಲ್ಲವೆಂಬುದನ್ನು ನಾವು ಮರೆಯಬಾರದು. ಊರವರೆಲ್ಲರ ಪೈಸೆ ಸೇರಿದ ಗ್ರಂಥಾಲಯಕ್ಕೆ ಅದೇ ಹುಡುಗಿ ತಲೆ ಎತ್ತಿಕೊಂಡು ಹೋಗುತ್ತಾಳೆ. ಯಾರ ಋಣವೂ ಅಲ್ಲ, ಅದು ಅವಳ ಹಕ್ಕು. ಅಜ್ಜಿಯ 6 ಪೈಸೆ ಆ ಹುಡುಗಿಗೆ ಕೊಡುವುದು ಪುಸ್ತಕವನ್ನಷ್ಟೇ ಅಲ್ಲ, ಯಾರಿಗೂ ಕೈಮುಗಿಯದೆ ಓದುವ ಸ್ವಾತಂತ್ರ್ಯವನ್ನು. ಇದಕ್ಕಾಗಿ ಎಲ್ಲರಿಂದಲೂ ಪಡೆಯುವುದು ನ್ಯಾಯವೆಂದೇ ನನಗೆ ತೋರುತ್ತದೆ.

ಅಷ್ಟಕ್ಕೆ ಲೆಕ್ಕ ಚುಕ್ತಾ ಆಗಲಿಲ್ಲ. ಹುಡುಗಿ ಯಾರಿಗೂ ಋಣಿಯಲ್ಲ, ಸರಿ. ಗ್ರಂಥಾಲಯ ಮಾತ್ರ ಅಜ್ಜಿಗೆ ಋಣಿ. ಓದಬಲ್ಲವರಿಗಷ್ಟೇ ಬಾಗಿಲು ತೆರೆದರೆ, ಇಲ್ಲದವರಿಂದ ಕಿತ್ತು ಇದ್ದವರಿಗೆ ಕೊಟ್ಟಂತೆಯೇ ಸರಿ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಇವುಗಳ ಹೆಸರು ‘ಅರಿವು ಕೇಂದ್ರ’. ನನಗೆ ಈ ಹೆಸರು ಇಷ್ಟ, ಯಾಕೆಂದರೆ ಇದರಲ್ಲಿ ಗ್ರಂಥ ಎಂಬ ಮಾತಿಲ್ಲ. ಅರಿವು ಕಣ್ಣಿನಿಂದಲೇ ಬರಬೇಕೆಂದೇನೂ ಇಲ್ಲ. ಕುಮಾರವ್ಯಾಸ ಭಾರತ ಹಳ್ಳಿಗಳಲ್ಲಿ ಉಳಿದದ್ದು ಓದಿದವರಿಂದ ಮಾತ್ರವಲ್ಲ. ಒಬ್ಬರು ವಾಚಿಸುತ್ತಿದ್ದರು, ಅಕ್ಷರ ಬಾರದ ಹತ್ತಾರು ಜನ ಕೂತು ಕೇಳುತ್ತಿದ್ದರು. ತಪ್ಪಿದ ಕಡೆ ತಿದ್ದುವಷ್ಟು ಕೇಳಿ ಬಲ್ಲವರೂ ಅವರಲ್ಲಿರುತ್ತಿದ್ದರು. ಅವರನ್ನು ಓದುಗರಲ್ಲ ಎನ್ನಲು ನನ್ನಿಂದಾಗದು.

ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಬೆಂಗಳೂರಿನಲ್ಲೇ ಕೊನೆಯ ದಿನಗಳನ್ನು ಕಳೆದು 1972ರಲ್ಲಿ ತೀರಿಕೊಂಡರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಒಂದು. ಅದನ್ನು ಅಜ್ಜಿಯ ತನಕ ಚಾಚಿದರೆ, ಅವರ ಪುಸ್ತಕ ಯಾವುದು? ಪಿಂಚಣಿಯ ಕಾಗದ ಇರಬಹುದು, ಹಸುವಿನ ಕಾಯಿಲೆಯ ಬಗ್ಗೆ ಬಂದ ಪತ್ರಿಕೆಯ ಬರಹ ಇರಬಹುದು, ಒಂದು ಒಳ್ಳೆಯ ಕತೆಯೂ ಇರಬಹುದು. ಬಡವರಿಗೆ ಉಪಯೋಗದ ಕಾಗದ ಸಾಕು, ಕತೆ ನಮಗೆ ಎಂದು ಹಂಚಿಕೊಳ್ಳುವುದೂ ಒಂದು ಅನ್ಯಾಯವೇ.

ಹಾಗಾದರೆ ಓದಿ ಹೇಳುವವರು ಯಾರು? ಎಲ್ಲವನ್ನೂ ಗೌರವಧನಕ್ಕೆ ದುಡಿದು ಬಂದ ಗ್ರಂಥಾಲಯ ಮೇಲ್ವಿಚಾರಕರ ತಲೆಗೆ ಕಟ್ಟುವುದು ಸುಲಭ. ಆದರೆ ಸ್ಪರ್ಧಾತ್ಮಕ ಪರೀಕ್ಷೆಗೆಂದು ದಿನವಿಡೀ ಅಲ್ಲಿ ಕೂರುವವರು, ಕಾದಂಬರಿ ಒಯ್ಯುವವರು, ಅಂದರೆ ನಾವು, ಆ ಪೈಸೆಯ ಫಲ ಉಂಡವರು. ವಾರಕ್ಕೊಂದು ಸಂಜೆ, ಹಾಲು ಹಾಕಿ ಬಂದವರು ಬಿಡುವಾಗುವ ಹೊತ್ತಿಗೆ, ಒಬ್ಬರು ಗಟ್ಟಿಯಾಗಿ ಓದಬಹುದು. ಇದಕ್ಕೆ ಸುತ್ತೋಲೆ ಬೇಕಿಲ್ಲ. ಓದಿದ್ದು ಹಿಡಿಸದಿದ್ದರೆ ‘ಸಾಕು ನಿಲ್ಸಪ್ಪ, ಬೇರೆ ಓದು’ ಎನ್ನುವ ಅಧಿಕಾರ ಅಜ್ಜಿಗಿದೆ. ದುಡ್ಡು ಕಟ್ಟಿದವರು ಅವರು.