ಮಗನ ಪ್ರಶ್ನೆಗೆ ನಮ್ಮ ಉತ್ತರವೇನು?



ಬಾಗೂರಿನಂತಹ ಊರುಗಳಲ್ಲಿ ಮಗನ ಕೈಗೆ ಹಣ ಕೊಟ್ಟು, "ಅಂಗಡಿಯಿಂದ ಒಂದು ಕಟ್ಟು ಬೀಡಿ ತಾರೋ" ಎನ್ನುವ ತಂದೆ ಅಪರೂಪವೇನಲ್ಲ. ಅದೇ ಮಗನ ಜೇಬಿನಲ್ಲಿ ಬೀಡಿ ತುಂಡು ಸಿಕ್ಕ ದಿನ ಅವನೇ ಹೊಡೆಯಲು ಕೈಯೆತ್ತುತ್ತಾನೆ. "ಅಪ್ಪ, ನೀನು ಸೇದೋದಿಲ್ವಾ?" ಎಂದು ಹುಡುಗ ಕೇಳಿದರೆ ಉತ್ತರವೇನು?

ಬಾಗೂರಿನ ಕಡೆ ತೆಂಗು ಬದುಕಾದರೆ, ನಮ್ಮದೇ ಜಿಲ್ಲೆಯ ಅರಕಲಗೂಡಿನ ಕಡೆ ಹೊಗೆಸೊಪ್ಪು ಎಷ್ಟೋ ಮನೆಗಳ ಅನ್ನ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಅಲ್ಲಿ ಬಂದ ಹಣದಿಂದ ಮಗಳ ಫೀಸು ಕಟ್ಟಿದ ರೈತ, "ತಂಬಾಕು ಕೆಟ್ಟದ್ದು" ಎಂದು ಯಾವ ಬಾಯಿಂದ ಹೇಳಬೇಕು?

ಹೇಳಲೇಬೇಕು, ಆದರೆ ನಿಜ ಹೇಳಬೇಕು. "ಸಾಲವಿತ್ತು ಮಗಳೇ, ಬೇರೆ ದಾರಿ ಕಾಣಲಿಲ್ಲ, ಬೆಳೆದೆವು. ನಮ್ಮ ಹೊಟ್ಟೆ ತುಂಬಿಸಿತೆಂದು ಅದು ಒಳ್ಳೆಯದಾಗುವುದಿಲ್ಲ." ಹಸಿ ಸೊಪ್ಪು ಮುರಿಯುವವರಿಗೆ ಚರ್ಮದ ಮೂಲಕವೇ ನಿಕೋಟಿನ್ ಇಳಿದು ತಲೆಸುತ್ತು, ವಾಂತಿ ಬರುವುದುಂಟು. ಎಲೆ ಮುಟ್ಟಿದರೇ ಹೀಗಾದರೆ, ದಿನವೂ ಹೊಗೆ ಒಳಗೆಳೆದರೆ ಏನಾದೀತೆಂದು ಮಗುವೇ ಯೋಚಿಸಲಿ.

ಎಳೆಯ ಮಿದುಳು ನಿಕೋಟಿನ್‌ಗೆ ಬೇಗ ದಾಸನಾಗುತ್ತದೆ. ಅದಕ್ಕೇ 2003ರ ಕೇಂದ್ರ ಕಾಯ್ದೆ 18 ವರ್ಷ ತುಂಬದವರಿಗೂ, ಶಾಲೆಯ 100 ಗಜದೊಳಗೂ ತಂಬಾಕು ಮಾರುವುದನ್ನು ನಿಷೇಧಿಸಿತು. ಕರ್ನಾಟಕದ ತಿದ್ದುಪಡಿ 2025ರಲ್ಲಿ ಆ ವಯಸ್ಸನ್ನು 21ಕ್ಕೆ ಏರಿಸಿತು. ಮಗನನ್ನು ಬೀಡಿಗೆ ಅಟ್ಟುವ ತಂದೆ ಅಂಗಡಿಯವನನ್ನೂ ತಪ್ಪಿಗೆ ಎಳೆಯುತ್ತಾನೆ.

ಧರ್ಮಸಭೆ ಏನೆನ್ನುತ್ತದೆ? ಕಥೋಲಿಕ ಧರ್ಮೋಪದೇಶದ 2290ನೇ ಕಂಡಿಕೆ ಆಹಾರ, ಮದ್ಯ, ತಂಬಾಕುಗಳ ಅತಿರೇಕವನ್ನು ತ್ಯಜಿಸುವಂತೆ ಹೇಳುತ್ತದೆ. ಪೋಪ್ ಫ್ರಾನ್ಸಿಸರು 2018ರಿಂದ ವ್ಯಾಟಿಕನ್‌ನಲ್ಲಿ ಸಿಗರೇಟು ಮಾರಾಟವನ್ನೇ ನಿಲ್ಲಿಸಿದರು. ಜನರ ಪ್ರಾಣಕ್ಕೆ ಎರವಾಗುವ ಲಾಭ ನ್ಯಾಯವಲ್ಲವೆಂದು, ಬರುತ್ತಿದ್ದ ಆದಾಯವನ್ನು ಬಿಟ್ಟುಕೊಟ್ಟರು.

ಹಾಗಾದರೆ ಸೇದುವ ತಂದೆ ಬಾಯಿ ಮುಚ್ಚಿಕೊಂಡಿರಬೇಕೇ? ಬೇಡ. ಬಯಸಿದ ಒಳಿತನ್ನು ಮಾಡಲಾಗದ ತಮ್ಮ ಸಂಕಟವನ್ನು ಸಂತ ಪೌಲರೇ ರೋಮನರಿಗೆ ಬರೆದ ಪತ್ರದಲ್ಲಿ ತೋಡಿಕೊಂಡಿದ್ದಾರೆ. ಪಾಪನಿವೇದನೆಯಲ್ಲಿ ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವ ನಾವು ಮಗನ ಮುಂದೆ ಸೋಲೊಪ್ಪಿಕೊಳ್ಳಲು ಏಕೆ ನಾಚಬೇಕು? "ನಾನು ಸಿಕ್ಕಿಬಿದ್ದಿದ್ದೇನೆ ಮಗನೇ, ಬಿಡಲು ಹೆಣಗುತ್ತಿದ್ದೇನೆ, ನೀನು ಈ ಬಲೆಗೆ ಬೀಳಬೇಡ" ಎಂಬ ಮಾತು ನೂರು ಏಟಿಗಿಂತ ಆಳಕ್ಕೆ ಇಳಿಯುತ್ತದೆ. ಇದರಿಂದ ತಂದೆಯ ಗೌರವ ಕುಗ್ಗದು. ನಾಳೆ ಗೆಳೆಯರು ಬೀಡಿ ಚಾಚಿದಾಗ, ಅಡಗಿಸದೆ ಅಪ್ಪನಿಗೆ ಹೇಳುವ ಧೈರ್ಯ ಮಗನಿಗೆ ಬರುತ್ತದೆ.

ಇಂದು ಸಂಜೆ ಮಗನನ್ನು ಅಂಗಡಿಗೆ ಕಳುಹಿಸಬೇಡಿ. ಜಪಸರ ಮುಗಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ನಿಜ ಹೇಳಿ. "ನನಗಾಗಿ ಪ್ರಾರ್ಥಿಸು" ಎಂದೂ ಕೇಳಿ.