ಅನ್ನ ಇಟ್ಟವರನ್ನು ಕೇಳಬಹುದೇ?

ಹಸಿದವರಿಗೆ ಅನ್ನ ಇಡುವುದು ಪುಣ್ಯದ ಕೆಲಸ ಎಂಬ ಮಾತಿಗೆ ಯಾವ ಧರ್ಮದಲ್ಲೂ ತಕರಾರಿಲ್ಲ. ತಕರಾರು ಹುಟ್ಟುವುದು ಅದರ ಮುಂದಿನ ಪ್ರಶ್ನೆಯಲ್ಲಿ. ಉಂಡವರಿಗೆ ಇಟ್ಟವರನ್ನು ಕೇಳುವ ಅಧಿಕಾರ ಉಂಟೇ? ‘ಇದು ಸಾಲದು, ಇದು ರುಚಿಸದು, ನಾಳೆಯೂ ಬೇಕು’ ಎಂದು ಬಡವನೊಬ್ಬ ಅಂದರೆ ಅದು ಕೃತಘ್ನತೆಯೋ, ನ್ಯಾಯದ ಮಾತೋ? ಬಡತನ ನಿವಾರಣೆಯಲ್ಲಿ ಮಠಗಳು, ಟ್ರಸ್ಟ್‌ಗಳು, ಸ್ವಯಂಸೇವಾ ಸಂಸ್ಥೆಗಳು ಎಷ್ಟು ಜನರಿಗೆ ಉಣಬಡಿಸಿದವು ಎಂಬ ಲೆಕ್ಕವನ್ನು ನಾವು ಗೌರವದಿಂದ ಓದುತ್ತೇವೆ. ಆದರೆ ಅವುಗಳ ಕೆಲಸವನ್ನು ಅಳೆಯಬೇಕಾದದ್ದು ಉಂಡವನಿಗೆ ಅವು ಎಷ್ಟು ದನಿ ಕೊಟ್ಟವು ಎಂಬುದರಿಂದ ಎಂದು ನನ್ನ ವಾದ.

ಈ ವಿಚಾರ ನಮಗೆ ಹೊರಗಿನಿಂದ ಬಂದದ್ದಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಹನ್ನೆರಡನೆಯ ಶತಮಾನದ ಶರಣರು ಈ ಮೇಲು ಕೀಳನ್ನು ಒಪ್ಪಲಿಲ್ಲ. ದಾಸೋಹದಲ್ಲಿ ನೀಡುವವನೇ ದಾಸ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಕಳಿಸಿದ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಅಗತ್ಯಕ್ಕೆ ಮೀರಿದ್ದು ತನ್ನದೇ ಅಲ್ಲವೆಂದ ಮೇಲೆ ಅದನ್ನು ಕೊಟ್ಟೆನೆಂದು ಹೆಮ್ಮೆಪಡಲು ಏನು ಉಳಿಯಿತು? ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 2019ರಲ್ಲಿ ಲಿಂಗೈಕ್ಯರಾಗುವವರೆಗೆ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ಜಾತಿ ಮತ ನೋಡದೆ ನಡೆಸಿದ್ದು ಇದೇ ತತ್ವದ ಬಲದಿಂದ. ಸಾವಿರಾರು ಬಡ ಮಕ್ಕಳು ಅಲ್ಲಿ ಓದಿ ಮುಂದೆ ಬಂದರು. ಆದರೂ ಒಂದು ಮಿತಿ ಉಳಿಯುತ್ತದೆ. ನೀಡುವವನ ವಿನಯ ನೀಡುವವನ ಗುಣವೇ ಹೊರತು ಉಣ್ಣುವ ಮಗುವಿನ ಭರವಸೆಯಲ್ಲ. ಅಂಥ ಸ್ವಾಮೀಜಿ ಇಲ್ಲದ ಊರಿನ ಮಗು ಯಾರನ್ನು ಕೇಳಬೇಕು?

ಆ ಪ್ರಶ್ನೆಗೆ ಉತ್ತರ ದೊರಕಿಸಿಕೊಟ್ಟದ್ದೂ ಒಂದು ಸ್ವಯಂಸೇವಾ ಸಂಘಟನೆಯೇ, ಅದೂ ಅಡುಗೆ ಮಾಡಿ ಬಡಿಸುವ ಸಂಘಟನೆಯಲ್ಲ. ಸರ್ಕಾರದ ಗೋದಾಮುಗಳು ಧಾನ್ಯದಿಂದ ತುಂಬಿ ತುಳುಕುತ್ತಿದ್ದಾಗಲೇ ರಾಜಸ್ಥಾನದಲ್ಲಿ ಬರದಿಂದ ಜನ ಹಸಿದಿದ್ದರು. 2001ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅದೇ ವರ್ಷದ ನವೆಂಬರ್ 28ರಂದು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನ್ ಇರುವ ಬಿಸಿಯೂಟವನ್ನು ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕೆಂದು ಕೋರ್ಟು ಆದೇಶಿಸಿತು. ತಮಿಳುನಾಡು ಕಾಮರಾಜರ ಕಾಲದಿಂದ ಈ ದಾರಿಯಲ್ಲಿತ್ತು. ಕರ್ನಾಟಕದ ಬಿಸಿಯೂಟ ಯೋಜನೆ ‘ಅಕ್ಷರ ದಾಸೋಹ’ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾಯಿತು. 2013ರ ಆಹಾರ ಭದ್ರತಾ ಕಾಯ್ದೆ ಈ ಊಟವನ್ನು ಕಾನೂನಿನ ಹಕ್ಕಾಗಿಸಿತು. ಯಾವ ಮಠವೂ, ಎಷ್ಟೇ ಶ್ರೀಮಂತ ದಾನಿಯೂ ಇಷ್ಟು ಮಕ್ಕಳನ್ನು ಮುಟ್ಟಲಾರರು.

ಸರ್ಕಾರದ ಅಡುಗೆಮನೆಯ ಸ್ಥಿತಿ ಗೊತ್ತಿರುವವರು ಇಲ್ಲಿ ತಡೆಯುತ್ತಾರೆ. ಅಕ್ಕಿಯಲ್ಲಿ ಹುಳು, ಬೇಳೆಯಿಲ್ಲದ ಸಾರು, ತಿಂಗಳುಗಟ್ಟಲೆ ಸಂಬಳ ಕಾಣದ ಅಡುಗೆ ಸಹಾಯಕಿಯರು. ಇವೆಲ್ಲ ನಿಜ. 2000ದಲ್ಲಿ ಬೆಂಗಳೂರಿನ 1,500 ಮಕ್ಕಳಿಂದ ಆರಂಭವಾದ ಅಕ್ಷಯ ಪಾತ್ರ ಸಂಸ್ಥೆ ದೊಡ್ಡ ಯಂತ್ರಗಳ ಅಡುಗೆಮನೆ ಕಟ್ಟಿ, ಲಕ್ಷಾಂತರ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಶುಚಿಯಾದ ಊಟ ತಲುಪಿಸಬಹುದೆಂದು ತೋರಿಸಿದ್ದೂ ನಿಜ. ಆ ಸಾಧನೆಯನ್ನು ಕಡೆಗಣಿಸಬಾರದು. ಆದರೆ ಸಂಸ್ಥೆಯ ಧಾರ್ಮಿಕ ನೇಮದಿಂದಾಗಿ ಅಲ್ಲಿನ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಮಕ್ಕಳಿಗೆ ಆ ರುಚಿ ಹಿಡಿಸದೆ ಊಟ ಬಿಡುತ್ತಾರೆಂದು ಆಹಾರ ಹಕ್ಕಿನ ಹೋರಾಟಗಾರರು ಆಕ್ಷೇಪಿಸಿದರು. ಪೋಷಕಾಂಶದ ಮಟ್ಟಿಗೆ ಊಟ ಸರಿಯಿದೆಯೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳಿತು. ಆ ಮಾತನ್ನು ಪೂರ್ತಿ ಒಪ್ಪಿದರೂ ಪ್ರಶ್ನೆ ಮುಗಿಯುವುದಿಲ್ಲ. ಯಾರ ನಾಲಗೆ, ಯಾರ ಮನೆಯ ರೂಢಿ ಲೆಕ್ಕಕ್ಕೆ ಬರಬೇಕು? ದಾನಿಗೂ ತನ್ನ ಶ್ರದ್ಧೆಯಿದೆ, ಅದಕ್ಕೆ ವಿರುದ್ಧವಾದದ್ದನ್ನು ಬೇಯಿಸು ಎನ್ನುವುದು ಯಾವ ನ್ಯಾಯ ಎಂದು ಕೇಳುವವರಿದ್ದಾರೆ. ತನ್ನ ಹಣ, ತನ್ನ ಪಂಕ್ತಿಯಾದರೆ ಅವರ ಮಾತು ಸರಿ. ಮಠದ ಪ್ರಸಾದಕ್ಕೆ ಮಠದ ನೇಮ. ಸರ್ಕಾರದ ಧಾನ್ಯ, ಜನರ ತೆರಿಗೆ, ಮಗುವಿನ ಹಕ್ಕು ಕೂಡಿದ ಊಟದಲ್ಲಿ ಬಡಿಸುವವನ ನೇಮ ಉಣ್ಣುವವನ ಮೇಲೆ ಬೀಳಕೂಡದು.

2021ರ ಡಿಸೆಂಬರ್‌ನಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚಿದ್ದ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಸರ್ಕಾರ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದ್ದೇ ಇತ್ತು. ಆಗ ಆ ಭಾಗದ ಶಾಲಾ ಬಾಲಕಿಯೊಬ್ಬಳು ಸ್ವಾಮೀಜಿಗಳನ್ನೇ ಉದ್ದೇಶಿಸಿ, ಮೊಟ್ಟೆ ನಮಗೆ ಬೇಕೇ ಬೇಕು ಎಂದು ಆಡಿದ ಮಾತು ನಾಡೆಲ್ಲ ಹರಡಿತು. ಅದನ್ನು ಉದ್ಧಟತನ ಎಂದವರುಂಟು. ನನಗೆ ಅದು ಅಕ್ಷರ ದಾಸೋಹ ನಿಜಕ್ಕೂ ಫಲ ಕೊಟ್ಟ ಗಳಿಗೆಯಾಗಿ ಕಂಡಿತು. ಭಿಕ್ಷೆಯ ಅನ್ನ ಉಂಡವರು ಹಾಗೆ ಮಾತಾಡುವುದಿಲ್ಲ.

ಹಕ್ಕು ಎಂದ ಕೂಡಲೇ ಕರುಣೆ ಬತ್ತುತ್ತದೆ, ಎಲ್ಲವೂ ಅರ್ಜಿ, ದಾವೆಗಳಾಗುತ್ತವೆ ಎಂಬ ಧಾರ್ಮಿಕರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬಿಳಿಗಿರಿರಂಗನ ಬೆಟ್ಟದಲ್ಲಿ ಆದದ್ದು ಬೇರೆ. ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅಲ್ಲಿನ ಬುಡಕಟ್ಟಿನವರಾದ ಸೋಲಿಗರಿಗೆ ಚಿಕಿತ್ಸೆ, ಶಾಲೆಗಳಿಂದ ಆರಂಭಿಸಿತು. ಮುಂದೆ ಸೋಲಿಗರು ತಮ್ಮದೇ ಸಂಘ ಕಟ್ಟಿಕೊಂಡರು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ತಮ್ಮ ಕಾಡಿನ ಮೇಲೆ ಸಮುದಾಯ ಹಕ್ಕು ಪಡೆದರು. ಕರುಣೆ ಅಲ್ಲಿ ಬತ್ತಲಿಲ್ಲ, ಯಜಮಾನಿಕೆಯನ್ನಷ್ಟೇ ಬಿಟ್ಟಿತು.

ಈಗ ನಮ್ಮ ಮುಂದೆ ಒಂದು ಪರೀಕ್ಷೆಯಿದೆ. ವಾರಕ್ಕೆ ಎರಡು ದಿನ ಸರ್ಕಾರ ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ಏರಿಸಲು ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ಮುಂದೆ ಬಂತು: ಮೂರು ವರ್ಷ, ಸುಮಾರು 1,500 ಕೋಟಿ ರೂಪಾಯಿ. ಇದು ಉದಾರ ಕೆಲಸ, ನಾಡು ಇದಕ್ಕೆ ಋಣಿ. ಆದರೆ ದಾನಿಯ ಒಪ್ಪಂದಕ್ಕೆ ಅವಧಿಯಿದೆ, ಮಗುವಿನ ಹಸಿವಿಗಿಲ್ಲ. ಆ ನಾಲ್ಕು ದಿನಗಳ ಖರ್ಚನ್ನೂ ರಾಜ್ಯದ ಬಜೆಟ್ಟಿಗೆ ಶಾಶ್ವತವಾಗಿ ಸೇರಿಸಬೇಕು, ಮತ್ತು ಹಾಗೆಂದು ಮೊದಲು ಒತ್ತಾಯಿಸಬೇಕಾದವರು ಸ್ವಯಂಸೇವಾ ಸಂಸ್ಥೆಗಳೇ.